ಜೀರಿಗೆ ಮೆಣಸಿನ ಸಾಸಿಗೆ ಇಪ್ಪತ್ತು ಸಹಿ

ನನಗೆ ಡಿಗ್ರಿ ಆಗುವುದಿಲ್ಲ ಎಂದವರು ನಮ್ಮ ಎಸ್ಟೇಟಿನ ರೈಟರು. ಚೆಕ್‌ರೋಲ್ ಪುಸ್ತಕದಲ್ಲಿ ಕೆಲಸದವರ ಹಾಜರಿ ಬರೆಯುವ ರೈಟರು. ಬೇರೆಯವರೂ ಅಂದಿದ್ದರು, ಆದರೆ ಅವರೆಲ್ಲ ಬೆನ್ನ ಹಿಂದೆ ಅಂದರು. ಇವರು ಬೆಳಗಿನ ಹಾಜರಿಯಲ್ಲಿ, ಅಷ್ಟೂ ಜನರ ಎದುರು, ನನ್ನ ಅವ್ವನ ಮುಖ ನೋಡಿಕೊಂಡೇ ಅಂದರು. ಅವ್ವ ಅವತ್ತು ಒಂದು ದಿನದ ರಜೆ ಕೇಳಿದ್ದಳು.

"ಯಾತಕ್ಕೆ ರಜೆ?"

"ಮಗ್ಳನ್ನ ಡಿಗ್ರಿಗೆ ಸೇರಿಸ್ಬೇಕಿತ್ತು ಸಾರ್."

"ಡಿಗ್ರಿ ಅಂದ್ರೆ ಹಣ್ಣು ಕುಯ್ದಂಗಲ್ಲ ಮಾರಾಯ್ತಿ. ನಿಮ್ಮ ಲೈನಿಂದ ಹೋಗಿ ಯಾರಾದ್ರೂ ಪಾಸಾಗಿದ್ದುಂಟಾ? ಆಯ್ತು, ಸೇರ್ಸು. ಎರಡು ವರ್ಷಕ್ಕೆ ಸೊಂಟಕ್ಕೆ ಬುಟ್ಟಿ ಕಟ್ಕೊಂಡು ಇಲ್ಲೇ ಬಂದು ನಿಲ್ತಾಳೆ. ಚೆಕ್‌ರೋಲಲ್ಲಿ ಅವಳ ಹೆಸ್ರಿಗೆ ಒಂದು ಸಾಲು ಖಾಲಿ ಬಿಟ್ಟಿರ್ತೀನಿ."

ಎಲ್ಲರೂ ನಕ್ಕರಂತೆ. ರೈಟರು ತಮಾಷೆ ಮಾಡಿದಾಗ ನಗುವುದೂ ಹಾಜರಿಯಲ್ಲೇ ಸೇರಿದ ಕೆಲಸ. ಅವ್ವ ಸಂಜೆ ಮನೆಗೆ ಬಂದು ಕಾಲು ತೊಳೆಯುತ್ತಾ ಇದನ್ನು ಹೇಳಿದಳು, ಹೇಳಿ, "ಬಿಡು, ದೊಡ್ಡೋರು ಅಂತಾರೆ" ಎಂದಳು. ನಾನು ಬಿಡಲಿಲ್ಲ. ಮೂರು ವರ್ಷ ಬಸ್ಸಿನ ಕಂಬಿ ಹಿಡಿದು ನಿಂತಾಗಲೆಲ್ಲ ಆ ಖಾಲಿ ಸಾಲನ್ನೇ ನೆನೆಸಿಕೊಂಡು ಹಲ್ಲು ಕಚ್ಚಿದೆ. ಪಾಠ ಅರ್ಥವಾಗದ ದಿನ ಪುಸ್ತಕದ ಮೇಲೆ ಅವರ ಮೀಸೆ ಕಾಣಿಸುತ್ತಿತ್ತು. ಓದಿನ ಮೇಲಿನ ಪ್ರೀತಿಯಿಂದ ಓದಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಲೈನ್ ಎಂದರೆ ಎಸ್ಟೇಟ್ ಕೆಲಸದವರ ಸಾಲುಮನೆ. ನಮ್ಮದು ಬಾಳೂರಿನ ಕಡೆಯ ಎಸ್ಟೇಟು, ಇಪ್ಪತ್ತೆರಡು ಮನೆ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಮನೆಯಲ್ಲಿ ಅವ್ವ, ನಾನು, ಒಂದು ಒರಳು.

ಒರಳಿನ ಮಾತು ಯಾಕೆಂದರೆ, ಕೊನೆಯ ವರ್ಷ ನನ್ನ ಡಿಗ್ರಿ ಬಂದು ಕೂತದ್ದು ಅದರ ಮೇಲೆ. ನನ್ನ ವಿಷಯಗಳಲ್ಲಿ ಆಹಾರ ವಿಜ್ಞಾನವೂ ಒಂದು. ಕೊನೆಯ ಸೆಮಿಸ್ಟರಿನಲ್ಲಿ ಒಂದು ಪ್ರಾಜೆಕ್ಟ್ ಮಾಡಬೇಕು. ನಮ್ಮ ಮೇಡಂ ಹೇಳಿದರು, "ಪುಸ್ತಕ ನೋಡಿ ಬರೆದದ್ದು ನನಗೆ ಬೇಡ. ನಿಮ್ಮ ಮನೆ ಅಡುಗೆಯದ್ದು ಏನಾದರೂ ತಗೊಳ್ಳಿ. ಇಪ್ಪತ್ತು ಮನೆಗೆ ಕೊಡಿ. ಒಂದು ತಿಂಗಳು ಅವರು ಹೇಗೆ ಬಳಸಿದರು, ಫಾರಂ ತುಂಬಿಸಿ ಸಹಿ ಹಾಕಿಸಿ ತನ್ನಿ. ಇಪ್ಪತ್ತಕ್ಕೆ ಒಂದು ಕಡಿಮೆಯಾದರೂ ಪ್ರಾಜೆಕ್ಟ್ ಇಲ್ಲ. ಪ್ರಾಜೆಕ್ಟ್ ಇಲ್ಲದಿದ್ದರೆ ಡಿಗ್ರಿ ಇಲ್ಲ."

ನಾನು ಜೀರಿಗೆ ಮೆಣಸಿನ ಸಾಸ್ ಎಂದು ಬರೆದುಕೊಟ್ಟೆ.

ಜೀರಿಗೆ ಮೆಣಸನ್ನು ನಮ್ಮಲ್ಲಿ ಯಾರೂ ನೆಡುವುದಿಲ್ಲ. ಹಕ್ಕಿ ತಿಂದು ಹಾಕಿದ ಬೀಜ ಕಾಫಿ ಗಿಡದ ಬುಡದಲ್ಲಿ ತಾನೇ ಹುಟ್ಟುತ್ತದೆ. ಕಿರುಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ, ಆಕಾಶ ನೋಡಿಕೊಂಡು ಬಿಡುತ್ತದೆ. ತೋಟದಲ್ಲಿ ಬಿದ್ದ ಒಂದು ಕಾಫಿ ಬೀಜ ಜೇಬಿಗೆ ಹಾಕಿದರೆ ಕಳ್ಳತನ. ಜೀರಿಗೆ ಮೆಣಸನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವ್ವ ಕೆಲಸ ಮುಗಿಸಿ ಬರುವಾಗ ಸೆರಗಿನ ತುದಿಯಲ್ಲಿ ಒಂದು ಹಿಡಿ ಕಟ್ಟಿಕೊಂಡು ಬರುತ್ತಿದ್ದಳು. ಕೆಂಪಗಾದ ಮೆಣಸಿನ ತೊಟ್ಟು ತೆಗೆದು, ಉಪ್ಪು, ಬೆಳ್ಳುಳ್ಳಿ ಹಾಕಿ ಒರಳಲ್ಲಿ ಕುಟ್ಟಿ, ಗಾಜಿನ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಹತ್ತು ದಿನ ಇಡುವುದು. ಹುಳಿ ಬಂದ ಮೇಲೆ ಹೇರಳೆಕಾಯಿ ರಸ ಹಿಂಡಿ, ಒಂದು ಚೂರು ಬೆಲ್ಲ ಹಾಕಿ ಸೋಸಿದರೆ ಸಾಸ್. ಬಟ್ಟೆಯನ್ನೇ ಕಟ್ಟಬೇಕು ಎಂದು ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಮೊದಲ ಭರಣಿಗೆ ನಾನು ಮುಚ್ಚಳ ಬಿಗಿದಿದ್ದೆ. ನಾಲ್ಕನೇ ದಿನ ಮುಚ್ಚಳ ಹಾರಿ ಗೋಡೆಯ ಕ್ಯಾಲೆಂಡರಿನ ದೇವರ ಮುಖಕ್ಕೆಲ್ಲ ಖಾರ ಎರಚಿತ್ತು. ಅವ್ವ ಗಾಬರಿಯಾಗಿ ಒದ್ದೆ ಬಟ್ಟೆಯಲ್ಲಿ ದೇವರ ಕಣ್ಣು ಒರೆಸಿ, ಒಂದು ಲೋಟ ಮಜ್ಜಿಗೆ ನೈವೇದ್ಯ ಇಟ್ಟಳು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಪ್ರಾಜೆಕ್ಟಿಗೂ ನಾಲ್ಕು ತಿಂಗಳ ಮೊದಲಿಂದ ಈ ಸಾಸ್ ರೈಟರ ಮನೆಗೆ ಹೋಗುತ್ತಿತ್ತು. ಅವ್ವ ಭಾನುವಾರ ಅವರ ಮನೆ ಅಂಗಳ ಗುಡಿಸಲು ಹೋದಾಗ ತನ್ನ ಬುತ್ತಿಯ ರೊಟ್ಟಿಗೆ ಹಚ್ಚಿಕೊಂಡದ್ದನ್ನು ರೈಟರ ಹೆಂಡತಿ ನೋಡಿ, ನೆಕ್ಕಿ, ಒಂದು ಬಾಟಲಿ ಕೇಳಿದ್ದರು. ಅವರನ್ನು ನಾವು ಅಮ್ಮೋರು ಎನ್ನುತ್ತೇವೆ. ರೈಟರಿಗೆ ಅವರು ಅದನ್ನು ಮೂಡಿಗೆರೆ ಪೇಟೆಯದ್ದು ಎಂದು ಹೇಳಿದ್ದರು. ಲೈನಿನ ಒರಳಲ್ಲಿ ಅರೆದದ್ದು ಎಂದರೆ ಅವರು ಮುಟ್ಟುವವರಲ್ಲ.

ಆ ಬಾಟಲಿ ತುಂಬುವ ಕೆಲಸ ನಾನು ಅವ್ವನಿಗೆ ಬಿಡಲಿಲ್ಲ. ನಮ್ಮ ಮನೆಯದಕ್ಕೆ ಒಂದು ಹಿಡಿ ಮೆಣಸಾದರೆ ಅವರದಕ್ಕೆ ಎರಡು ಹಿಡಿ. ಬೆಲ್ಲ ಇಲ್ಲ. ರೈಟರು ಊಟದ ನಡುವೆ ಎದ್ದು ನೀರಿನ ಕೊಡಕ್ಕೆ ಓಡುವುದನ್ನು ಕಣ್ಣಾರೆ ನೋಡಿದಂತೆ ಕಲ್ಪಿಸಿಕೊಂಡು ಕುಟ್ಟುತ್ತಿದ್ದೆ. ಮುಂದಿನ ಬಾಟಲಿಗೆ ಮೂರು ಹಿಡಿ. ಆದರೆ ಅಮ್ಮೋರು ಅವ್ವನ ಹತ್ತಿರ ಹೇಳಿಕಳಿಸುತ್ತಿದ್ದುದು ಒಂದೇ ಮಾತು: "ಅವ್ರಿಗೆ ಭಾರಿ ಹಿಡಿಸಿದೆ. ಬೆವರು ಒರೆಸ್ಕೊಂಡು ಒರೆಸ್ಕೊಂಡು ತಿಂತಾರೆ." ನನ್ನ ಸೇಡು ಅವರಿಗೆ ರುಚಿಯಾಗುತ್ತಿದೆ ಎಂದು ತಿಳಿದು ನನಗೆ ಇನ್ನೂ ಹೊಟ್ಟೆ ಉರಿಯಿತು.

ಪ್ರಾಜೆಕ್ಟ್ ಶುರುವಾಯಿತು. ಇಪ್ಪತ್ತು ಬಾಟಲಿ ಹಂಚಿದೆ, ಇಪ್ಪತ್ತು ಫಾರಂ ತೆಗೆದುಕೊಂಡು ಮನೆ ಮನೆಗೆ ಹೋದೆ. ಯಾವುದಕ್ಕೆ ಬಳಸಿದಿರಿ, ಎಷ್ಟು ಬಳಸಿದಿರಿ, ಏನು ಬದಲಾಗಬೇಕು. ನನ್ನನ್ನು ಎತ್ತಿ ಆಡಿಸಿದ ಜನ. ಆದರೆ ಕೈಯಲ್ಲಿ ಕಾಗದ, ಪೆನ್ನು ನೋಡಿದ್ದೇ ಎಲ್ಲರೂ ನೆಟ್ಟಗೆ ನಿಂತರು. ಹೊರಗಿನಿಂದ ಆಫೀಸಿನವರು ಬಂದು ಏನೇ ಕೇಳಿದರೂ ಹೇಳಬೇಕಾದ ಮಾತು ಲೈನಿನಲ್ಲಿ ಒಂದೇ ಇದೆ. ಅದನ್ನೇ ನನಗೂ ಹೇಳಿದರು. "ಎಲ್ಲ ಚೆನ್ನಾಗಿದೆ. ಏನೂ ತೊಂದ್ರೆ ಇಲ್ಲ."

"ಅತ್ತೆ, ನಾನೇ ಅಲ್ವಾ. ಸಾಸ್ ಯಾವುದಕ್ಕೆ ಹಾಕಿದ್ರಿ ಹೇಳಿ."

"ಏನೂ ತೊಂದ್ರೆ ಇಲ್ಲ ಅಂತ ಬರ್ಕೊ."

ಇಪ್ಪತ್ತು ಫಾರಮ್ಮಿನಲ್ಲೂ ಅದೇ. ಮೇಡಂ ಒಂದೊಂದೇ ತಿರುವಿ ನೋಡಿ, "ಇದನ್ನೆಲ್ಲ ನೀನೇ ಕೂತು ಬರೆದಿದ್ದೀಯಲ್ಲ" ಎಂದು ಮೇಜಿನ ಮೇಲೆ ಹಾಕಿದರು. ಇಲ್ಲ ಮೇಡಂ, ನಮ್ಮವರು ಹೀಗೇ ಹೇಳುವುದು ಎಂದೆ. ಅವರು ನಂಬಿದರೋ ಇಲ್ಲವೋ, ಮತ್ತೊಂದು ತಿಂಗಳು ಕೊಟ್ಟರು. "ಇದೇ ಕೊನೆ" ಎಂದರು.

ಎರಡನೇ ಸಲ ನಾನು ಕಾಗದ ಒಯ್ಯಲೇ ಇಲ್ಲ. ಸಂಜೆ ಒಲೆ ಮುಂದೆ ಕೂತು ಹರಟಿದೆ. ಆಗ ಬಾಯಿ ಬಿಟ್ಟರು! ಒಬ್ಬಳು ಒಣಮೀನಿಗೆ ಸವರಿ ಕೆಂಡದ ಮೇಲೆ ಸುಡುತ್ತಾಳೆ. ಒಬ್ಬಳು ಬಿಸಿ ಕಡುಬು ಮುರಿದು, ಕೊಬ್ಬರಿ ಎಣ್ಣೆಗೆ ನಾಲ್ಕು ಹನಿ ಸಾಸ್ ಬೆರೆಸಿ ಅದ್ದಿಕೊಳ್ಳುತ್ತಾಳೆ. ಜ್ವರ ಬಂದ ಮುದುಕನಿಗೆ ಗಂಜಿಯಲ್ಲಿ ಎರಡು ಹನಿ ಹಾಕಿದರೆ ಮೂಗು ಕಟ್ಟಿದ್ದು ಬಿಡುತ್ತದಂತೆ. ಹಲಸಿನ ಹಪ್ಪಳದ ಹಿಟ್ಟಿಗೆ ಒಣಮೆಣಸಿನ ಬದಲು ಇದನ್ನೇ ಕಲಸಿದವಳಿದ್ದಳು. ಅನಾನಸಿನ ಹೋಳಿಗೆ ಹಚ್ಚಿ ಮಕ್ಕಳು ನೆಕ್ಕಿ ಬಾಟಲಿ ಖಾಲಿ ಮಾಡಿದ್ದವು. ಮಂಗ ಬರುವ ಕಿಟಕಿಯ ಸರಳಿಗೆ ಸಾಸ್ ಸವರಿದವರೊಬ್ಬರು, ಮಂಗ ಕೈ ನೆಕ್ಕಿಕೊಂಡು ಇವರನ್ನು ದಿಟ್ಟಿಸಿ ನೋಡಿ, ಮರುದಿನ ಹಟ್ಟಿಯ ಹೆಂಚು ಕಿತ್ತು ಹೋಯಿತು ಎಂದರು. ಇಲಿ ಕಡಿಯುವ ಚಾರ್ಜರ್ ವೈರಿಗೆ ಹಚ್ಚಿದ ಇನ್ನೊಬ್ಬರು ಮರೆತು ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡಿದ್ದರು. "ಇಲಿ ಏನಾಯ್ತು?" ಎಂದೆ. "ಇಲಿ ಚೆನ್ನಾಗಿದೆ. ನನ್ನ ಕೇಳು" ಎಂದರು.

ದಿನಾ ರಾತ್ರಿ ಮರೆಯುವ ಮುಂಚೆ ಮನೆಗೆ ಬಂದು ಎಲ್ಲವನ್ನೂ ಫಾರಮ್ಮಿಗೆ ಇಳಿಸಿದೆ. ಇನ್ನು ಸಹಿ ಒಂದೇ ಬಾಕಿ. ಅದನ್ನು ಹಾಕಿಸಲು ಹೋದ ದಿನ ಒಬ್ಬೊಬ್ಬರಾಗಿ ಕೈ ಹಿಂದಕ್ಕೆ ತೆಗೆದರು.

"ಬ್ಯಾಡ ಮಗ. ತಪ್ಪು ತಿಳ್ಕಬ್ಯಾಡ."

"ಯಾಕೆ?"

ಯಾರೂ ಹೇಳಲೊಲ್ಲರು. ಕೊನೆಗೆ ಮೂಲೆಮನೆಯ ಅತ್ತೆ ಪಿಸುಗುಟ್ಟಿದಳು. ಬೆಳಿಗ್ಗೆ ಹಾಜರಿಯಲ್ಲಿ ರೈಟರು ಹೇಳಿದ್ದರಂತೆ: "ಕಂಡಕಂಡ ಕಾಗ್ದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಯಾವ ಕಾಗ್ದ, ಯಾರಿಗೆ ಹೋಗುತ್ತೆ ಗೊತ್ತುಂಟಾ? ನಾಳೆ ಮನೆ ಬಿಡಿ ಅಂದ್ರೆ ನನ್ನ ಹತ್ರ ಬರಬೇಡಿ."

ಕೆಲಸ ಹೋದರೆ ಲೈನ್ ಮನೆ ಹೋಗುತ್ತದೆ, ಲೈನ್ ಮನೆ ಹೋದರೆ ಪಾತ್ರೆಪಗಡ ಇಡಲು ಜಾಗವಿಲ್ಲ. ನಾನು ಅವರನ್ನು ಬೈಯಲಿಲ್ಲ. ಫಾರಂ ಕೊಡಲು ನಾಲ್ಕು ದಿನ ಉಳಿದಿತ್ತು. ಅವ್ವ ಎಂದಿನಂತೆ "ಬಿಡು" ಎನ್ನಲು ಬಾಯಿ ತೆರೆದವಳು, ನನ್ನ ಮುಖ ನೋಡಿ ಒರಳು ತೊಳೆಯಲು ಎದ್ದಳು.

ಮರುದಿನ ಮಧ್ಯಾಹ್ನ, ರೈಟರು ಊಟಕ್ಕೆ ಮನೆಗೆ ಬರುವ ಹೊತ್ತು ನೋಡಿಕೊಂಡೇ ನಾನು ಅಲ್ಲಿಗೆ ಹೋದೆ. ಇಪ್ಪತ್ತು ಫಾರಮ್ಮಿನ ಜೊತೆ ಇನ್ನೊಂದು ಖಾಲಿ ಫಾರಂ ಇತ್ತು. ಜಗುಲಿಯಲ್ಲಿ ನಿಂತರೆ ಒಳಗಿನ ಊಟದ ಮೇಜು ಕಾಣುತ್ತದೆ. ತಟ್ಟೆಯಲ್ಲಿ ಅಕ್ಕಿ ರೊಟ್ಟಿ, ಪಕ್ಕದಲ್ಲಿ ನನ್ನ ಬಾಟಲಿ. ರೊಟ್ಟಿಯ ಮೇಲೆ ಸಾಸ್ ಸುರಿದುಕೊಂಡು, ಟವೆಲ್ಲಿನಲ್ಲಿ ನೆತ್ತಿ ಒರೆಸಿಕೊಳ್ಳುತ್ತಾ ನನ್ನನ್ನು ನೋಡಿದರು.

"ಏನು? ಕಾಲೇಜಿಲ್ವಾ? ಮುಗೀತಾ ಓದು?"

"ಮುಗೀತಾ ಬಂತು ಸಾರ್. ಒಂದು ಸಹಿ ಬೇಕಿತ್ತು."

"ನಾನು ಆಗ್ಲೇ ಹೇಳಿದೀನಲ್ಲ. ಲೈನಿನವರ ತಲೆ ಕೆಡಿಸ್ಬೇಡ. ಆ ಖಾರದ ನೀರು ಮಾಡೋದಕ್ಕೆ ಡಿಗ್ರಿ ಬೇರೆ ಕೇಡು."

"ಸಾರ್, ಆ ಸಾಸ್ ಹೇಗಿದೆ?"

"ಇದಾ? ಇದು ಪೇಟೆದು. ಸಾಸ್ ಅಂದ್ರೆ ಹೀಗಿರ್ಬೇಕು. ನಿಮ್ಮ ಒರಳಲ್ಲಿ ಬರುತ್ತಾ ಇದು?"

ಆರು ತಿಂಗಳು ನಾನು ಈ ಮಾತಿಗೆ ಕಾದಿದ್ದೆ ಎಂದು ನನಗೇ ಆಗ ಗೊತ್ತಾಯಿತು. ಆದರೆ ಬಾಯಿ ತೆರೆಯುವ ಮೊದಲೇ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಅಮ್ಮೋರು ಬಂದು ಬಾಗಿಲಲ್ಲಿ ನಿಂತಿದ್ದರು.

"ಅವಳ ಒರಳಲ್ಲೇ ಬಂದಿದ್ದು ಅದು" ಎಂದರು.

"ಏನು?"

"ಹೂಂ. ಆರು ತಿಂಗ್ಳಿಂದ ನೀವು ತಿಂತಿರೋದು ಈ ಹುಡುಗಿ ಮಾಡಿದ್ದನ್ನ. ಪೇಟೆದು ಅಂದಿದ್ದು ನಾನು."

ರೈಟರ ಕೈಯ ತುತ್ತು ಅರ್ಧದಲ್ಲಿ ನಿಂತಿತು. ಮುಖ ಖಾರಕ್ಕೆ ಕೆಂಪಾಗಿತ್ತೋ ಇದಕ್ಕೆ ಕೆಂಪಾಯಿತೋ ಹೇಳಲಾರೆ. "ನೀನು ನನಗೆ ಸುಳ್ಳು ಹೇಳಿದ್ಯಾ?" ಎಂದರು.

"ಹೇಳ್ದೆ. ಏನೀಗ? ಮದ್ವೆ ಆಗಿ ಇಷ್ಟು ವರ್ಷಕ್ಕೆ ಒಂದಿನ ಆದ್ರೂ ಅಡುಗೆ ಚೆನ್ನಾಗಿದೆ ಅಂದಿದ್ರಾ ನೀವು? ಈ ಬಾಟ್ಲಿ ಬಂದ್ಮೇಲೆ ಅಂದ್ರಿ. ಅದೂ ಏನಂತ? ಸಾಸ್ ಚೆನ್ನಾಗಿದೆ ಅಂತ!" ಅಮ್ಮೋರು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ ನನ್ನತ್ತ ಚಾಚಿದರು. "ಕೊಡು ಮಾರಾಯ್ತಿ, ಎಲ್ಲಿ ಹಾಕ್ಬೇಕು?"

ಅವರು ಕೂತು ಬರೆದರು. ಉಪ್ಪಿಟ್ಟಿಗೆ, ಮೊಟ್ಟೆಗೆ, ಉಳಿದ ಅನ್ನ ಒಗ್ಗರಣೆ ಹಾಕುವಾಗ, ಹಳೇ ಮಜ್ಜಿಗೆ ಹುಳಿಯಾದಾಗ. ಒಂದು ಸಾಲು ನನಗೆ ಬಾಯಿಪಾಠ ಇದೆ: "ಸಾರಿಗೆ ಉಪ್ಪು ಹೆಚ್ಚಾದ ದಿನ ನಾಲ್ಕು ಹನಿ ಹೆಚ್ಚು ಹಾಕಿದರೆ ಯಜಮಾನರಿಗೆ ಉಪ್ಪು ಗೊತ್ತಾಗುವುದಿಲ್ಲ." ಕೆಳಗೆ ದುಂಡಗೆ ಸಹಿ ಮಾಡಿದರು.

ನಾನು ಫಾರಂ ತೆಗೆದುಕೊಂಡೆ. ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. "ಸಾರ್, ಮನೆ ಯಜಮಾನರ ಸಹಿಗೂ ಒಂದು ಜಾಗ ಉಂಟು. ನೀವು ಹಾಕದಿದ್ರೂ ಅಡ್ಡಿ ಇಲ್ಲ. 'ಆರು ತಿಂಗಳು ತಿಂದರು, ಸಹಿ ಹಾಕಲು ಹೆದರಿದರು' ಅಂತ ನಾನೇ ಬರ್ಕೋತೀನಿ. ಕಾಲೇಜಲ್ಲಿ ಓದಿ ಹೇಳ್ಬೇಕಾಗುತ್ತೆ ಅಷ್ಟೆ."

"ಯಾರೇ ಹೆದರೋದು?" ಎಂದರು. ಎಡಗೈಯಲ್ಲಿ ಪೆನ್ನು ಕಿತ್ತುಕೊಂಡು, ಸಾಸ್ ಮೆತ್ತಿದ ಬಲಗೈಗೆ ಬದಲಿಸಿ, ಕೋಪದಲ್ಲಿ ಗೀಚಿದರು. ಹೆಬ್ಬೆರಳಿನ ಕೆಂಪು ಗುರುತು ಸಹಿಯ ಪಕ್ಕದಲ್ಲೇ ಒತ್ತಿಕೊಂಡಿತು. ಹೆಬ್ಬೆಟ್ಟು ಒತ್ತಬೇಡಿ ಎಂದವರ ಹೆಬ್ಬೆಟ್ಟು! ನಾನು ಆ ಕಾಗದವನ್ನು ಒಣಗುವವರೆಗೂ ಎರಡು ಕೈಯಲ್ಲಿ ಹಿಡಿದುಕೊಂಡು ಲೈನಿನ ನಡುವಿನ ದಾರಿಯಲ್ಲಿ ನಡೆದೆ. ಯಾರಿಗೂ ಏನೂ ಹೇಳಬೇಕಾಗಲಿಲ್ಲ. ರೈಟರ ಸಹಿ ಲೈನಿನವರಿಗೆ ಓದು ಬಾರದಿದ್ದರೂ ಗೊತ್ತು. ಮೂಲೆಮನೆಯ ಅತ್ತೆ ಅದನ್ನು ನೋಡಿ, ನನ್ನ ಮುಖ ನೋಡಿ, "ಪೆನ್ನು ಕೊಡು ಇಲ್ಲಿ" ಎಂದಳು. ದೀಪ ಹಚ್ಚುವ ಹೊತ್ತಿಗೆ ಇಪ್ಪತ್ತೂ ಆಗಿತ್ತು.

ರೈಟರು ಸುಮ್ಮನೆ ಬಿಡುವವರಲ್ಲ. ಮರುದಿನದಿಂದ ಅವ್ವನಿಗೆ ಎಸ್ಟೇಟಿನ ತುದಿಯ ಬ್ಲಾಕಿನಲ್ಲಿ ಕಳೆ ಕೆಲಸ. ಕಡಿದಾದ ಇಳಿಜಾರು, ಹೋಗಿ ಮುಟ್ಟಲೇ ಮುಕ್ಕಾಲು ಗಂಟೆ. ಮುಂಗಾರು ಹಿಡಿದಿತ್ತು, ಅಲ್ಲಿ ಕಾಲಿಟ್ಟಲ್ಲೆಲ್ಲ ರಕ್ತ ಹೀರುವ ಇಂಬಳ. ಸಂಜೆ ಅವ್ವ ಸೀರೆ ಎತ್ತಿದರೆ ಮೀನಖಂಡದಿಂದ ರಕ್ತ ಇಳಿಯುತ್ತಿತ್ತು. ನನ್ನ ಸಹಿಗಳಿಗೆ ಅವ್ವನ ಕಾಲು ದಂಡ ಕಟ್ಟುತ್ತಿದೆ ಎಂದು ನನಗೆ ನಿದ್ದೆ ಬರಲಿಲ್ಲ. ಹೋಗಿ ಕ್ಷಮೆ ಕೇಳಲಾ ಎಂದು ಒಂದು ಸಲ ಬಾಯಿಗೆ ಬಂತು. ಹೇಳಿದ್ದರೆ ಅವ್ವ ಕಪಾಳಕ್ಕೆ ಬಾರಿಸುತ್ತಿದ್ದಳೋ ಏನೋ. ಏಕೆಂದರೆ ಮೂರನೇ ದಿನ ಅವಳು ಒಂದು ಸಣ್ಣ ಬಾಟಲಿಗೆ ಸಾಸ್ ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

"ಅದ್ಯಾಕೆ?"

"ಇಂಬಳಕ್ಕೆ. ಒಂದು ಹನಿ ಬಿಟ್ರೆ ಸುರುಟ್ಕೊಂಡು ಬಿದ್ದೋಗ್ತವೆ. ಉಪ್ಪಿದೆ, ಹುಳಿ ಇದೆ, ಖಾರ ಇದೆ. ಇನ್ನೇನು ಬೇಕು?"

"ಗಾಯಕ್ಕೆ ತಾಗಿದ್ರೆ ಉರಿಯಲ್ವಾ?"

"ಉರೀತದೆ. ಉರಿದಾಗ ಒಬ್ರ ಹೆಸ್ರು ಹೇಳ್ಕೋತೀನಿ." ಯಾರ ಹೆಸರು ಎಂದು ಹೇಳಲಿಲ್ಲ. ಒಂದು ವಾರದಲ್ಲಿ ಆ ಬ್ಲಾಕಿಗೆ ಹೋಗುವ ಹೆಂಗಸರೆಲ್ಲ ಸೊಂಟದಲ್ಲಿ ಬಾಟಲಿ ಸಿಕ್ಕಿಸಿಕೊಂಡಿದ್ದರು. ಫಾರಂ ಕೊಟ್ಟಾಗಿದ್ದರೂ ಪ್ರಾಜೆಕ್ಟಿನ ವರದಿ ಬರೆಯುವುದು ಬಾಕಿಯಿತ್ತು, ಅದರಲ್ಲಿ ಇದನ್ನು ಅವ್ವನ ಹೆಸರಿನಲ್ಲೇ ಬರೆದೆ. ಗಾಯದ ಮೇಲೆ ಬಿಡಬಾರದು, ಇಂಬಳದ ಮೇಲೆ ಮಾತ್ರ ಬಿಡಬೇಕು ಎಂದು ಕೆಳಗೆ ಸೂಚನೆಯನ್ನೂ ಹಾಕಿದೆ.

ಪ್ರಶ್ನೆ ಕೇಳಲು ಹೊರಗಿನಿಂದ ಬಂದ ಪರೀಕ್ಷಕರು ಫಾರಮ್ಮುಗಳನ್ನು ತಿರುವುತ್ತಾ ಒಂದರಲ್ಲಿ ನಿಂತರು. "ಈ ಕೆಂಪು ಏನಮ್ಮ?"

"ಸಾಸ್, ಸಾರ್. ಊಟದ ಮಧ್ಯೆ ಸಹಿ ಹಾಕಿದರು."

ಅವರು ಕಾಗದವನ್ನು ಮೂಗಿನ ಹತ್ತಿರ ಹಿಡಿದರು, ಎರಡು ಸಲ ಸೀನಿದರು. ಮೇಡಂ ಕಿಟಕಿಯ ಕಡೆ ತಿರುಗಿ ನಗು ನುಂಗಿದರು. ಇದು ನಾನೇ ಕೂತು ಬರೆದದ್ದಲ್ಲ ಎಂದು ಅವರಿಗೂ ಗೊತ್ತಾಗಿತ್ತು. ಮುಂದಿನ ಪ್ರಶ್ನೆಗಳು ಹುಳಿ ಬರುವುದು ಹೇಗೆ, ಉಪ್ಪು ಯಾಕೆ, ಹೇರಳೆ ರಸ ಹಾಕಿದರೆ ಕೆಡುವುದಿಲ್ಲ ಯಾಕೆ. ಎಲ್ಲಕ್ಕೂ ನಿಂತು ಉತ್ತರ ಕೊಟ್ಟೆ. ಒಂದಕ್ಕೂ "ಏನೂ ತೊಂದ್ರೆ ಇಲ್ಲ" ಎನ್ನಲಿಲ್ಲ.

ಪಾಸಾದೆ. ಪ್ರಾಜೆಕ್ಟಿನಲ್ಲಿ ತರಗತಿಗೇ ಹೆಚ್ಚು ಅಂಕ ನನ್ನದು. ಇದನ್ನು ಬರೆಯದೆ ಬಿಡುವಷ್ಟು ವಿನಯ ನನಗಿಲ್ಲ.

ಸರ್ಟಿಫಿಕೇಟ್ ಕೊಡುವ ದಿನ ಅವ್ವ ನನ್ನ ಜೊತೆ ಬಂದಳು. ಈ ಸಲ ರಜೆ ಕೇಳಲಿಲ್ಲ. "ನಾಳೆ ಬರಲ್ಲ" ಎಂದಷ್ಟೇ ಹೇಳಿ ಬಂದಿದ್ದಳು. ಕಾಲೇಜಿನ ಹಾಲಿನಲ್ಲಿ ಮುಂದೆ ಎಷ್ಟು ಕುರ್ಚಿ ಖಾಲಿಯಿದ್ದರೂ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕವೇ ಕೂತಳು. ನನ್ನ ಹೆಸರು ಕರೆದಾಗ ಚಪ್ಪಾಳೆ ತಟ್ಟಬೇಕೆಂದು ಗೊತ್ತಾಗದೆ ಎದ್ದು ನಿಂತಳು. ಮೇಡಂ ಕಾಗದ ನನ್ನ ಕೈಗಿತ್ತರು. ನಾನು ಅದನ್ನು ಹಿಡಿದು ನೇರ ಹಿಂದಿನ ಸಾಲಿಗೆ ನಡೆದು ಅವ್ವನ ಕೈಗೆ ಕೊಟ್ಟೆ.

ಅವ್ವ ಅಂಗೈ ಎರಡನ್ನೂ ಸೆರಗಿಗೆ ಒರೆಸಿ, ಅಂಚು ಹಿಡಿದು ತೆಗೆದುಕೊಂಡಳು. ಹೆಸರು ಎಲ್ಲಿದೆ ಎಂದು ಕೇಳಿದಳು, ತೋರಿಸಿದೆ. ಅದರ ಮೇಲೆ ಒಂದು ಬೆರಳು ಇಟ್ಟಳು. ಆಮೇಲೆ ಹೇಳಿದಳು:

"ಇದನ್ನ ಚೀಲಕ್ಕೆ ಹಾಕ್ಬ್ಯಾಡ, ಕೈಯಲ್ಲೇ ಹಿಡ್ಕ. ಬಸ್ಸಿಳಿದು ರೈಟ್ರ ಮನೆ ಮುಂದಿಂದ್ಲೇ ಹೋಗಣ. ಸುತ್ತಾದ್ರೂ ಆಗ್ಲಿ. ನಿಧಾನ ನಡಿ."